ಹೊಲಿದವರು ಯಾರು

ಹಲಗೆಗೆ ನಲವತ್ತು ಕಾಫಿ, ಬಿಳಿ ಬಣ್ಣಕ್ಕೆ ಹನ್ನೆರಡು ಕಾಫಿ, ಮೊಳೆಗೆ ಒಂದು ಕಾಫಿ, ಅಕ್ಷರಕ್ಕೆ ತಲಾ ಮೂರು ಕಾಫಿ. ದಿಂಬಣ್ಣ ಯಾವ ಖರ್ಚನ್ನೂ ದುಡ್ಡಿನಲ್ಲಿ ಎಣಿಸುತ್ತಿರಲಿಲ್ಲ. ದುಡ್ಡಿನಲ್ಲಿ ಎಣಿಸಿದರೆ ಅದು ಬರೀ ಸಂಖ್ಯೆ, ಕಾಫಿಯಲ್ಲಿ ಎಣಿಸಿದರೆ ನಾಲಿಗೆಗೆ ಗೊತ್ತಾಗುತ್ತದೆ ಎನ್ನುವುದು ಅವನ ಶಾಸ್ತ್ರ. ಮೂವತ್ತೊಂದು ವರ್ಷ ಬೋರ್ಡೇ ಇಲ್ಲದೆ ದಿಂಬು ಮಾರಿದವನಿಗೆ ಈಗ ಬೋರ್ಡಿನ ಚಪಲ ಹುಟ್ಟಿದ್ದು ಪಕ್ಕದ ಕನ್ನಡಕದ ಅಂಗಡಿಯವನು ಹೊಸ ಬೋರ್ಡು ಹಾಕಿಸಿದ್ದರಿಂದ. ಆ ಬೋರ್ಡಿನಲ್ಲಿ ಎರಡು ದೊಡ್ಡ ಕಣ್ಣುಗಳಿದ್ದವು. ದಿಂಬಣ್ಣ ಬೆಳಿಗ್ಗೆ ಬಾಗಿಲು ತೆಗೆಯುವಾಗ ಅವು ಅವನ ಬೋಳು ಗೋಡೆಯನ್ನೇ ನೋಡುತ್ತಿದ್ದವು.

"ಏನಂತ ಬರೀಲಿ?" ಎಂದ ಪೇಂಟರ್.

"ಗಂಡ ಹೆಂಡತಿ ಸೇರಿ ಮಾಡಿದ ದಿಂಬು, ತಲೆ ಇಟ್ಟರೆ ನಿದ್ದೆ."

ಪೇಂಟರ್ ಬೆರಳು ಮಡಿಸಿದ. "ಹತ್ತೊಂಬತ್ತು ಅಕ್ಷರ. ಐವತ್ತೇಳು ಕಾಫಿ. ಒತ್ತಕ್ಷರಕ್ಕೆ ಬೇರೆ ತಗೊಳ್ಳಲ್ಲ, ಪರಿಚಯದವರು ಅಂತ."

"ಏನಯ್ಯಾ, ಬೋರ್ಡು ಬರೆಸ್ತಿದೀನೋ, ಊರಿಗೆಲ್ಲ ಕಾಫಿ ಕುಡಿಸ್ತಿದೀನೋ? ಕಡಿಮೆ ಮಾಡು."

"ನನ್ನ ರೇಟು ಕಡಿಮೆ ಆಗಲ್ಲ. ನಿಮ್ಮ ಮಾತು ಕಡಿಮೆ ಮಾಡ್ಕೊಳ್ಳಿ."

ಮಾತು ಕಡಿಮೆ ಮಾಡುವುದರಲ್ಲಿ ದಿಂಬಣ್ಣನನ್ನು ಮೀರಿಸುವವರು ಆ ಬೀದಿಯಲ್ಲಿ ಇರಲಿಲ್ಲ. ಕ್ಷಣಾರ್ಧದಲ್ಲಿ "ಗಂಡ ಹೆಂಡತಿ ಸೇರಿ ಮಾಡಿದ" ಎಂಬುದನ್ನು ಹೊಡೆದುಹಾಕಿ "ನನ್ನ ಕೈಯ ದಿಂಬು" ಮಾಡಿದ. ಆರು ಅಕ್ಷರ ಉಳಿಯಿತು, ಹದಿನೆಂಟು ಕಾಫಿ ಉಳಿಯಿತು. ಮನೆಯಾಕೆ ಕೇಳಿದರೆ ಸಂತೋಷಪಡುತ್ತಾಳೆ ಎಂದೂ ಅಂದುಕೊಂಡ.

ಇಲ್ಲಿ ಆ ಅಂಗಡಿಯ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ಹತ್ತಿ ಹಿಂಜುವವನು, ಗವಸಿಗೆ ತುಂಬುವವನು, ತಟ್ಟಿ ತಟ್ಟಿ ನಾಲ್ಕು ಮೂಲೆಗೂ ಸಮವಾಗಿ ಹರಡುವವನು ದಿಂಬಣ್ಣ. ತುಂಬಿದ ಮೇಲೆ ದಿಂಬಿನ ಬಾಯಿ ಹೊಲಿಯುವವಳು ಹೆಂಡತಿ. ಬಾಯಿ ಹೊಲಿಯುವ ತನಕ ಅದು ದಿಂಬಲ್ಲ, ಹತ್ತಿ ಹಾಕಿದ ಚೀಲ. ಹೊಲಿದಾದ ಮೇಲೆ ಗಿರಾಕಿಯ ಕೈಗೆ ಕೊಡುವವಳೂ ಅವಳೇ, ಕೊಡುವಾಗ "ತಲೆ ಇಟ್ಟರೆ ನಿದ್ದೆ" ಎನ್ನುವವಳೂ ಅವಳೇ. ಹೀಗೆ ಬೋರ್ಡಿನಲ್ಲಿದ್ದ ಹದಿಮೂರು ಅಕ್ಷರದಲ್ಲಿ ಏಳು ಅಕ್ಷರ ಹೆಂಡತಿಯ ಬಾಯಿಂದಲೇ ಬಂದದ್ದು. ಉಳಿದ ಆರರಲ್ಲಿ ಅವಳನ್ನು ಕೈಬಿಡಲಾಗಿತ್ತು.

ಬೋರ್ಡು ಏರಿದ ದಿನ ಅವಳು ಒಳಗಿನಿಂದ ಬಂದು, ಸೆರಗಿಗೆ ಕೈ ಒರೆಸಿಕೊಂಡು, ಎರಡು ಸಲ ಓದಿದಳು.

"ಹೇಗಿದೆ?" ಎಂದ ದಿಂಬಣ್ಣ.

"ಚೆನ್ನಾಗಿದೆ," ಎಂದಳು.

ಮಾರನೇ ದಿನ ಬ್ಯಾಗು ತುಂಬಿಕೊಂಡಳು. "ಅಕ್ಕನಿಗೆ ಮಂಡಿ ಆಪರೇಷನ್ನು. ನೋಡ್ಕೊಳ್ಳೋರು ಯಾರೂ ಇಲ್ಲ."

"ಎಷ್ಟು ದಿನ?"

"ನೋಡೋಣ," ಎಂದು ಬಸ್ಸು ಹತ್ತಿದಳು.

"ಚೆನ್ನಾಗಿದೆ" ಎಂದಿದ್ದನ್ನು ದಿಂಬಣ್ಣ ಚೆನ್ನಾಗಿದೆ ಎಂದೇ ತಿಳಿದುಕೊಂಡ. ಹೆಂಡತಿ "ಚೆನ್ನಾಗಿದೆ" ಎಂದಾಗ ಹಾಗೆ ತಿಳಿದುಕೊಳ್ಳುವ ಗಂಡಸರು ಲೋಕದಲ್ಲಿ ಇನ್ನೂ ಬೇಕಾದಷ್ಟಿದ್ದಾರೆ. ಒಂದು ತಿಂಗಳಾಯಿತು, ಎರಡಾಯಿತು. ಅಕ್ಕನ ಎಡ ಮಂಡಿ ಮುಗಿದು ಬಲ ಮಂಡಿ ಶುರುವಾಯಿತೆಂಬ ಸುದ್ದಿ ಬಂತು. ಮನುಷ್ಯರಿಗೆ ಮಂಡಿ ಎರಡೇ ಇರುವುದು ಎಂಬುದೊಂದೇ ಅವನಿಗಿದ್ದ ಧೈರ್ಯ.

ಫೋನು ಮಾಡಿದರೆ ಎತ್ತುವವರು ಅಕ್ಕನೇ. ಬೆಳಿಗ್ಗೆ ಮಾಡಿದರೆ "ಸ್ನಾನಕ್ಕೆ ಹೋಗಿದ್ದಾಳೆ." ಮಧ್ಯಾಹ್ನ ಮಾಡಿದರೆ "ಸ್ನಾನಕ್ಕೆ ಹೋಗಿದ್ದಾಳೆ." ಸಂಜೆ ಮಾಡಿದರೂ ಅದೇ. ಆ ಊರಿನಲ್ಲಿ ನೀರಿಗೆ ಬರವಿಲ್ಲವೆಂದು ದಿಂಬಣ್ಣ ಗಿರಾಕಿಗಳಿಗೆ ಹೇಳತೊಡಗಿದ.

ಇತ್ತ ದಿಂಬಿನ ಬಾಯಿ ಹೊಲಿಯುವ ಕೆಲಸ ಅವನ ಮೇಲೇ ಬಿತ್ತು. ಅವನು ಹೊಲಿದ ಬಾಯಿ ಎರಡು ದಿನ ಮುಚ್ಚಿಕೊಂಡಿದ್ದು ಮೂರನೇ ದಿನ ಆಕಳಿಸುತ್ತಿತ್ತು. ಗಿರಾಕಿಗಳು ತಲೆಗೂದಲಲ್ಲಿ, ಹುಬ್ಬಿನಲ್ಲಿ ಹತ್ತಿ ಅಂಟಿಸಿಕೊಂಡು ಬಂದು ಜಗಳವಾಡಿದರು. ಕನ್ನಡಕದವನ ಮೀಸೆ ಒಂದೇ ವಾರದಲ್ಲಿ ಬೆಳ್ಳಗಾಯಿತು.

"ದಿಂಬಣ್ಣ, ನಿಮ್ಮ ದಿಂಬು ನನ್ನ ಮೂಗಿನೊಳಗೆ ಹೋಗ್ತಿದೆ ಕಣ್ರೀ."

"ನೀವು ಉಸಿರು ಜೋರಾಗಿ ಎಳ್ಕೋಬೇಡಿ," ಎಂದ ದಿಂಬಣ್ಣ.

ಇಂಥ ಕಾಲದಲ್ಲಿ ಇನ್ಸ್‌ಪೆಕ್ಟರಮ್ಮ ಬಂದಳು. ಚಿಕ್ಕ ವಯಸ್ಸು, ಕೈಯಲ್ಲಿ ಅಳತೆ ಟೇಪು, ಬಗಲಲ್ಲಿ ಫೈಲು. ಕುರ್ಚಿಯಲ್ಲಿ ಕೂರಲಿಲ್ಲ. ಬೋರ್ಡಿನ ಉದ್ದ ಅಗಲ ಅಳೆದು, ಒಂದು ದಿಂಬು ಕೊಂಡು ರಸೀತಿ ಕೇಳಿ, ಕೊನೆಗೆ ಒಂದು ನೋಟಿಸು ಕೊಟ್ಟಳು. ಹಾಸಿಗೆ ದಿಂಬು ಮಾರುವ ಪ್ರತಿಯೊಬ್ಬರೂ ಅಂಗಡಿಯ ಮುಂದೆ ಐದು ಸಂಗತಿ ಬರೆಸಬೇಕಂತೆ. ಒಳಗೆ ಏನು ತುಂಬಿದೆ ಎಂಬುದು ಒಂದನೆಯದು. ಅದು ಹೊಸದೋ ಹಳೆಯದೋ ಎಂಬುದು ಎರಡನೆಯದು. ತುಂಬಿದವರು ಯಾರು, ಹೊಲಿದವರು ಯಾರು ಎಂಬುದು ಮೂರನೆಯದು. ನಿದ್ದೆ ಬರುತ್ತದೆ, ನೋವು ಹೋಗುತ್ತದೆ ಎಂದೇನಾದರೂ ಹೇಳಿಕೊಂಡಿದ್ದರೆ "ಇದಕ್ಕೆ ಪುರಾವೆ ಇಲ್ಲ" ಎಂಬ ಸಾಲು ನಾಲ್ಕನೆಯದು. ಐದನೆಯದಾಗಿ, "ಕೊಳ್ಳುವ ಮುನ್ನ ಇದು ನಿಮಗೆ ನಿಜವಾಗಿಯೂ ಬೇಕೇ ಎಂದು ಯೋಚಿಸಿ." ಪ್ರತಿ ಅಕ್ಷರವೂ ಒಂದು ಗೇಣು ಎತ್ತರ ಇರಬೇಕು.

ದಿಂಬಣ್ಣನ ಕಣ್ಣು ಮೂರನೆಯದರ ಮೇಲೆ ನಿಂತುಬಿಟ್ಟಿತು.

"ಮೇಡಂ, ಹೊಲಿದವರು ಯಾರು ಅಂತ ಯಾರು ಕೇಳಿಸಿದ್ದು?"

"ಸರ್ಕಾರ."

"ಸರ್ಕಾರಕ್ಕೆ ಯಾರು ಹೇಳಿದ್ದು?"

"ಸರ್ಕಾರಕ್ಕೆ ಯಾರೂ ಹೇಳಲ್ಲ ರೀ. ಸರ್ಕಾರಾನೇ ಹೇಳೋದು," ಎಂದು ಅವಳು ಟೇಪು ಸುತ್ತಿಕೊಂಡು ಹೋದಳು.

ಕನ್ನಡಕದವನು ಆ ನೋಟಿಸನ್ನು ಮೂರು ಬೇರೆ ಬೇರೆ ಕನ್ನಡಕ ಹಾಕಿಕೊಂಡು ಮೂರು ಸಲ ಓದಿದ. ಅವನು ಓದಿದವನೆಂದೂ ಕಾನೂನು ಬಲ್ಲವನೆಂದೂ ಬೀದಿಯಲ್ಲಿ ಹೆಸರಿತ್ತು. ಆ ಹೆಸರು ಹೇಗೆ ಬಂತೆಂದು ಯಾರೂ ವಿಚಾರಿಸಿರಲಿಲ್ಲ.

"ಇದು ಒಳಗಿನವರ ಕೆಲಸ," ಎಂದ ಕೊನೆಗೆ.

"ಅಂದ್ರೆ?"

"ನೋಡಿ, ಹತ್ತಿ ಎಷ್ಟು, ಬಟ್ಟೆ ಎಂಥದು ಅಂತ ಸರ್ಕಾರಕ್ಕೆ ಹೊಳೆಯುತ್ತೆ, ಸರಿ. ಹೊಲಿದವರು ಯಾರು ಅಂತ ಹೊಳೆಯೋದು ಯಾರಿಗೆ? ಹೊಲಿದವರಿಗೆ. ಯಾರೋ ನಿಮ್ಮ ಮೇಲೆ ಅರ್ಜಿ ಹಾಕಿದ್ದಾರೆ. ನಾನು ಹೆಸರು ಹೇಳಲ್ಲ. ಆದ್ರೆ ನಿಮ್ಮ ಅಂಗಡೀಲಿ ಹೊಲಿಯೋರು ಇನ್ಯಾರಿದ್ರು?"

ದಿಂಬಣ್ಣ ನೋಟಿಸನ್ನು ಇಸಿದುಕೊಂಡು ಮೂರನೆಯ ಸಂಗತಿಯನ್ನು ಇನ್ನೊಮ್ಮೆ ಓದಿದ. ಆಮೇಲೆ ಅವನ ಮುಖ ಅರಳುತ್ತಾ ಹೋಯಿತು. "ಅವಳು ನನ್ನ ಮೇಲೆ ಅರ್ಜಿ ಬರೆದಿದ್ದಾಳಾ?"

"ಬರೆದಿರ್ಲೇಬೇಕು."

"ಎಷ್ಟು ಪುಟ ಇರಬಹುದು?"

ಮೂರು ತಿಂಗಳಿಂದ ಒಂದು ಕಾಗದ ಇಲ್ಲ, ಫೋನಿನಲ್ಲಿ ಒಂದು ಮಾತಿಲ್ಲ. ಈಗ ನೋಡಿದರೆ ಕೂತು, ಪೆನ್ನು ಹಿಡಿದು, ಅವನ ಹೆಸರು ಬರೆದು, ಅವನ ವಿಳಾಸ ಬರೆದು, ಅವನ ಬಗ್ಗೆಯೇ ಒಂದೊಂದಾಗಿ ಯೋಚಿಸಿ ಅರ್ಜಿ ಹಾಕಿದ್ದಾಳೆ. ದಿಂಬಣ್ಣ ಆ ದಿನ ಕನ್ನಡಕದವನಿಗೆ ಕಾಫಿ ಕುಡಿಸಿದ. ಮೂವತ್ತೊಂದು ವರ್ಷದಲ್ಲಿ ಅದು ಮೊದಲನೆಯದು.

ಕಾಫಿಯ ಬಲದಿಂದ ಕನ್ನಡಕದವನಿಗೆ ಇನ್ನಷ್ಟು ಕಾನೂನು ಹೊಳೆಯಿತು. "ನೀವು ಬಿಡಬಾರದು ದಿಂಬಣ್ಣ. ಗೋಡೆ ನಿಮ್ಮದು, ಬಣ್ಣ ನಿಮ್ಮದು. ನಿಮ್ಮ ಗೋಡೆ ಮೇಲೆ ನೀವು ಇಂಥದ್ದೇ ಹೇಳ್ಬೇಕು ಅನ್ನೋಕೆ ಅವರ್ಯಾರು? ವಾಕ್ ಸ್ವಾತಂತ್ರ್ಯ ಅಂದ್ರೆ ಮಾತಾಡೋ ಹಕ್ಕು ಮಾತ್ರ ಅಲ್ಲ ಕಣ್ರೀ, ಬಾಯಿ ಮುಚ್ಕೊಂಡಿರೋ ಹಕ್ಕೂ ಹೌದು!"

ಈ ಎರಡನೇ ಹಕ್ಕನ್ನು ದಿಂಬಣ್ಣ ಮನೆಯಲ್ಲಿ ಮದುವೆಯಾದಂದಿನಿಂದ ಒಂದು ದಿನವೂ ತಪ್ಪದೆ ಚಲಾಯಿಸುತ್ತಾ ಬಂದಿದ್ದ. ಅದಕ್ಕೆ ಇಷ್ಟು ದೊಡ್ಡ ಹೆಸರಿದೆ ಎಂದು ಗೊತ್ತಿರಲಿಲ್ಲ.

"ಅಪೀಲು ಹಾಕಿದ್ರೆ ಏನಾಗುತ್ತೆ?"

"ವಿಚಾರಣೆ ಆಗುತ್ತೆ. ಎರಡೂ ಕಡೆಯವರನ್ನ ಕರೀತಾರೆ. ಅರ್ಜಿ ಹಾಕಿದವರು ಬಂದು ಎದುರಿಗೆ ಕೂತು ಹೇಳ್ಬೇಕು."

"ಎದುರಿಗೇ?"

"ಎದುರಿಗೇ."

"ಎಷ್ಟು ದೂರ ಕೂರಿಸ್ತಾರೆ?"

"ಮಧ್ಯೆ ಒಂದು ಮೇಜು ಇರುತ್ತೆ ಅಷ್ಟೆ."

ದಿಂಬಣ್ಣ ಅಂಗಡಿಯ ಬಾಗಿಲು ಹಾಕಿ ಅವತ್ತೇ ಅಪೀಲು ಸಲ್ಲಿಸಿ ಬಂದ.

ಆದರೆ ಅಪೀಲು ತೀರ್ಮಾನವಾಗುವ ತನಕ ನೋಟಿಸಿನ ಪ್ರಕಾರ ನಡೆಯಲೇಬೇಕೆಂದು ಕಚೇರಿಯವರು ಹೇಳಿದ್ದರು. ಪೇಂಟರ್ ಮತ್ತೆ ಬಂದ. ದಿಂಬಣ್ಣನ ಅಂಗಡಿ ಎಂಟಡಿ ಅಗಲ. ಗೇಣುದ್ದದ ಅಕ್ಷರದಲ್ಲಿ ಐದು ಸಂಗತಿ ಬರೆಯುತ್ತಾ ಹೋದರೆ ಗೋಡೆ ಮುಗಿಯಿತು, ಗೋಡೆ ಮುಗಿದ ಮೇಲೆ ಕಿಟಕಿ ಮುಗಿಯಿತು, ಕೊನೆಯ ಸಾಲಿಗೆ ಹಲಗೆ ಹೊಡೆದು ಅರ್ಧ ಬಾಗಿಲಿಗೆ ಅಡ್ಡ ಕಟ್ಟಬೇಕಾಯಿತು. ಗಿರಾಕಿಗಳು ಏಡಿಯ ಹಾಗೆ ಪಕ್ಕಕ್ಕೆ ಸರಿದು ಒಳಗೆ ಬರಬೇಕು. ಬಂದವರು ದಿಂಬು ಕೊಂಡರೆ ಅದನ್ನು ಹೊರಗೆ ತೆಗೆದುಕೊಂಡು ಹೋಗಲು ದಾರಿಯಿಲ್ಲ. ದಿಂಬನ್ನು ಹಿಂದಿನಿಂದ ಒದ್ದು ನೂಕಬೇಕಾಗುತ್ತಿತ್ತು.

ಮೂರನೇ ಸಂಗತಿಯಲ್ಲಿ "ತುಂಬಿದವರು" ಎಂಬಲ್ಲಿ "ನಾನು" ಎಂದು ಬರೆಸಿದ. "ಹೊಲಿದವರು" ಎಂಬುದರ ಮುಂದೆ ಖಾಲಿ ಬಿಡಿಸಿದ. "ಅದು ವಿಚಾರಣೆಯಲ್ಲಿ ತೀರ್ಮಾನ ಆಗ್ಬೇಕು," ಎಂದ.

ಒಬ್ಬ ಮುದುಕರು ಬಂದು ಇಡೀ ಗೋಡೆಯನ್ನು ಓದಿದರು. ಕೊನೆಯ ಸಾಲು ಓದಿ ಮೆಟ್ಟಿಲ ಮೇಲೆ ಕೂತು ಯೋಚಿಸಿದರು. ಅರ್ಧ ಗಂಟೆ ಯೋಚಿಸಿ ಎದ್ದು ಹೋದರು. ಮಾರನೇ ದಿನ ಅದಕ್ಕೆಂದೇ ಬಂದು, "ಬೇಡ ಅನ್ನಿಸ್ತಪ್ಪಾ," ಎಂದು ತಿಳಿಸಿ ಹೋದರು. ವ್ಯಾಪಾರ ಅರ್ಧಕ್ಕಿಳಿಯಿತು. ದಿಂಬಣ್ಣನಿಗೆ ಅದರ ಗೊಡವೆಯೇ ಇರಲಿಲ್ಲ. ಅವನು ದಿನಾ ಬೆಳಿಗ್ಗೆ ಅಂಚೆಯವನನ್ನು ಹಿಡಿದು ವಿಚಾರಣೆಯ ತಾರೀಖು ಬಂತಾ ಎಂದು ಕೇಳುತ್ತಿದ್ದ.

ಬಂತು. ಹನ್ನೆರಡನೇ ತಾರೀಖು, ಹನ್ನೊಂದು ಗಂಟೆಗೆ. ತಕ್ಷಣ ಅಕ್ಕನಿಗೆ ಫೋನು ಮಾಡಿದ.

"ಸ್ನಾನಕ್ಕೆ..." ಎಂದು ಅಕ್ಕ ಶುರು ಮಾಡಿದರು.

"ಮಾಡ್ಲಿ ಬಿಡಿ, ನಿಧಾನಕ್ಕೆ ಮಾಡ್ಲಿ. ಹನ್ನೆರಡನೇ ತಾರೀಖು ಹನ್ನೊಂದು ಗಂಟೆ ಅಂತ ಹೇಳಿ ಸಾಕು. ಅರ್ಜಿದಾರರು ಖುದ್ದಾಗಿ ಬರ್ಬೇಕು."

"ಯಾವ ಅರ್ಜಿ?"

"ಅವಳಿಗೆ ಗೊತ್ತು."

ಅಕ್ಕ, "ಅಲ್ರೀ, ಅವಳು ಇಲ್ಲಿಗೆ ಯಾಕೆ ಬಂದಳು ಅಂತಾದ್ರೂ ಗೊತ್ತಾ ನಿಮಗೆ?" ಎಂದರು.

"ನಿಮ್ಮ ಮಂಡಿಗೆ."

"ನನ್ನ ಮಂಡಿಗೆ! ಬರೀ ಮಂಡಿಗಾಗಿದ್ರೆ ನಿಮ್ಮ ಫೋನು ತಾನೇ ಎತ್ತುತ್ತಿರಲಿಲ್ವಾ? ಆ ನಿಮ್ಮ ಬೋರ್ಡಿಗೆ ರೀ! ದಿನಾ ನೂರು ಸಲ ಸೂಜಿ ಚುಚ್ಚಿಸ್ಕೊಂಡ ಬೆರಳು ಅವಳದು, ಬೋರ್ಡಲ್ಲಿ ಕೈ ನಿಮ್ಮದು."

"ಅದು ಅಕ್ಷರ ಉಳಿಸೋಕೆ ಅಕ್ಕಾ. ಹದಿನೆಂಟು ಕಾಫಿ..."

"ಗೊತ್ತು. ಅದನ್ನೂ ಹೇಳಿದಳು. 'ನನ್ನ' ಅನ್ನೋ ಬದಲು 'ನಮ್ಮ' ಅಂತ ಬರೆಸಿದ್ರೂ ಅಷ್ಟೇ ಅಕ್ಷರ ಅಂತೆ. ಬೆರಳು ಮಡಿಸಿ ಎಣಿಸಿ ತೋರಿಸಿದಳು."

ದಿಂಬಣ್ಣ ಫೋನು ಇಟ್ಟು ಎಣಿಸಿದ. ಆರು. ಎಡಗೈ ಬೆರಳಲ್ಲಿ ಎಣಿಸಿದ. ಆರೇ. ಓಡಿಹೋಗಿ ಪೇಂಟರನ್ನು ಹಿಡಿದು, "ನಮ್ಮ ಅಂದಿದ್ರೂ ಅದೇ ರೇಟಾ?" ಎಂದ.

"ಅದೇ ರೇಟು."

"ಮತ್ತೆ ಹೇಳ್ಬಾರದಾಗಿತ್ತಾ?"

"ನೀವು ಬರೀ ಅಂದಿದ್ದನ್ನ ಬರ್ಯೋದು ನನ್ನ ಕೆಲಸ. ನಿಮ್ಮ ಮನೆ ವಿಷಯ ನನಗೇನು ಗೊತ್ತು?"

ಹನ್ನೆರಡನೇ ತಾರೀಖು ದಿಂಬಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕ್ಷೌರ ಮಾಡಿಸಿಕೊಂಡು, ಹತ್ತು ಗಂಟೆಗೇ ಕಚೇರಿಯಲ್ಲಿ ಕೂತ. ಕೋಣೆಯಲ್ಲಿ ಒಂದು ಮೇಜು, ಅಧಿಕಾರಿಯದನ್ನು ಬಿಟ್ಟು ಮೂರು ಕುರ್ಚಿ, ಮೇಲೆ ಕಟಕಟ ಎನ್ನುವ ಫ್ಯಾನು. ಅವನು ಒಂದು ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ ಕಿಟಕಿಯ ಕಡೆ ಎಳೆದಿಟ್ಟ. ಮನೆಯಾಕೆಗೆ ಗಾಳಿ ಬೇಕು. ಕನ್ನಡಕದವನು ಅವನ ಪರವಾಗಿ ವಾದಿಸಲು ಹೊಸ ಚೌಕಟ್ಟಿನ ಕನ್ನಡಕ ಹಾಕಿಕೊಂಡು ಬಂದಿದ್ದ. ಇನ್ಸ್‌ಪೆಕ್ಟರಮ್ಮ ಬಂದು ಆ ಖಾಲಿ ಕುರ್ಚಿಯಲ್ಲಿ ಕೂರಲು ಹೋದಳು.

"ಅದರಲ್ಲಿ ಬೇಡ ಮೇಡಂ," ಎಂದ ದಿಂಬಣ್ಣ. ಅವಳು ವಿಚಾರಣೆ ಮುಗಿಯುವ ತನಕ ನಿಂತೇ ಇರಬೇಕಾಯಿತು.

ಅಧಿಕಾರಿ ನಿವೃತ್ತಿಗೆ ಹತ್ತಿರವಿದ್ದ ಮನುಷ್ಯ. ಬೆನ್ನಿಗೊಂದು ಹಳೆಯ ದಿಂಬು ಇಟ್ಟುಕೊಂಡು ಕೂತಿದ್ದರು. "ಹ್ಞಾಂ, ನಿಮ್ಮ ತಕರಾರೇನು?"

"ಅರ್ಜಿದಾರರು ಬರಲಿ ಸಾರ್. ಬಸ್ಸು ತಡ ಆಗಿರಬಹುದು."

"ಯಾವ ಅರ್ಜಿದಾರರು?"

"ನನ್ನ ಮೇಲೆ ಅರ್ಜಿ ಹಾಕಿದವರು."

ಅಧಿಕಾರಿ ಫೈಲು ತಿರುವಿದರು, ಇನ್ಸ್‌ಪೆಕ್ಟರಮ್ಮನ ಮುಖ ನೋಡಿದರು. "ನಿಮ್ಮ ಮೇಲೆ ಯಾರೂ ಅರ್ಜಿ ಹಾಕಿಲ್ಲ ರೀ. ಊರಲ್ಲಿರೋ ನೂರ ನಲವತ್ತು ಅಂಗಡಿಗೂ ಇದೇ ನೋಟಿಸು ಹೋಗಿದೆ."

"ಸರಿಯಾಗಿ ನೋಡಿ ಸಾರ್. ಗುಂಡಗಿನ ಅಕ್ಷರ ಇರುತ್ತೆ."

"ಇಲ್ಲ ಅಂದೆನಲ್ಲ."

"ಒಂದು ಸಾಲೂ ಬರೆದಿಲ್ವಾ?"

"ಯಾರು?"

"ಯಾರೂ ಇಲ್ಲ ಬಿಡಿ," ಎಂದು ದಿಂಬಣ್ಣ ಕೂತ. ಕಿಟಕಿಯ ಕಡೆಯ ಕುರ್ಚಿಯ ಮೇಲೆ ಬಿಸಿಲು ಬಿದ್ದಿತ್ತು.

ಕನ್ನಡಕದವನು ಎದ್ದು ನಿಂತು ವಾಕ್ ಸ್ವಾತಂತ್ರ್ಯದ ಬಗ್ಗೆ ಕಾಲು ಗಂಟೆ ಮಾತಾಡಿದ. ಮನುಷ್ಯನ ಬಾಯಿಯನ್ನು ದಿಂಬಿಗೆ ಹೋಲಿಸಿದ, ಸರ್ಕಾರವನ್ನು ಹತ್ತಿಗೆ ಹೋಲಿಸಿದ. ಅಧಿಕಾರಿ ಕಣ್ಣು ಮುಚ್ಚಿ ಕೇಳಿ, ತೆರೆದು, "ಆಯ್ತಾ?" ಎಂದರು. ಆಮೇಲೆ ಒಂದೊಂದಾಗಿ ತೆಗೆದುಕೊಂಡರು.

"ಒಳಗೆ ಹತ್ತಿ ಇದೆಯೋ ಚಿಂದಿ ಇದೆಯೋ ಅನ್ನೋದು ಸಂಗತಿ. ಕೊಳ್ಳೋರಿಗೆ ಒಳಗೆ ಕೈ ಹಾಕಿ ನೋಡೋಕಾಗಲ್ಲ, ನೀವು ಹೇಳ್ಬೇಕು. ಇದರಲ್ಲಿ ನಿಮ್ಮ ಸ್ವಾತಂತ್ರ್ಯ ಏನೂ ಹೋಗಲ್ಲ. ಇನ್ನು ನಾಲ್ಕನೆಯದು. ತಲೆ ಇಟ್ಟರೆ ನಿದ್ದೆ ಅಂತ ನೀವೇ ಬರೆಸಿದೀರಿ. ನೀವು ತಲೆ ಇಟ್ಟರೆ ನಿದ್ದೆ ಬರುತ್ತಾ?"

"ಬರ್ತಿತ್ತು ಸಾರ್."

"ಈಗ?"

"ನಾಲ್ಕು ತಿಂಗಳಾಯ್ತು."

"ಅದೇ ದಿಂಬಾ?"

"ಅದೇ ದಿಂಬು ಸಾರ್."

"ಹಾಗಾದ್ರೆ ಪುರಾವೆ ಇಲ್ಲ ಅನ್ನೋದಕ್ಕೆ ನೀವೇ ಪುರಾವೆ," ಎಂದು ಅಧಿಕಾರಿ ಗೀಚಿಕೊಂಡರು. "ಐದನೆಯದು, ನಿಜವಾಗಿಯೂ ಬೇಕೇ ಯೋಚಿಸಿ. ಇದು ಸಂಗತಿ ಅಲ್ಲ, ಉಪದೇಶ. ಸರ್ಕಾರ ಬೇಕಾದ್ರೆ ತನ್ನ ಗೋಡೆ ಮೇಲೆ ಬರ್ಕೊಳ್ಳಲಿ, ನಿಮ್ಮ ಬಾಯಲ್ಲಿ ಹೇಳಿಸೋ ಹಾಗಿಲ್ಲ. ಹೊಡೆದುಹಾಕಿದೆ. ಗೇಣುದ್ದದ ಅಕ್ಷರಾನೂ ಅತಿಯಾಯ್ತು. ಅಂಗಡಿ ಬಾಗಿಲೇ ಮುಚ್ಚಿಹೋಗೋ ಹಾಗೆ ನಿಜ ಹೇಳಿಸೋದು ನ್ಯಾಯ ಅಲ್ಲ. ಒಂದು ಹಲಗೆ ಸಾಕು. ಈಗ ಮೂರನೆಯದು. ಹೊಲಿಯೋರು ಯಾರು, ನೀವೇನಾ?"

ಇನ್ಸ್‌ಪೆಕ್ಟರಮ್ಮ ಚೀಲದಿಂದ ತಾನು ಕೊಂಡ ದಿಂಬನ್ನು ತೆಗೆದು ಸಾಕ್ಷಿಯಾಗಿ ಮೇಜಿನ ಮೇಲಿಟ್ಟಳು. ಇಟ್ಟ ರಭಸಕ್ಕೆ ಅದು ಬಾಯಿ ಬಿಟ್ಟಿತು. ಫ್ಯಾನು ತನ್ನ ಕರ್ತವ್ಯ ಮಾಡಿತು. ಎರಡು ನಿಮಿಷ ಆ ಕೋಣೆಯಲ್ಲಿ ಯಾರಿಗೂ ಯಾರೂ ಕಾಣಲಿಲ್ಲ. ಹತ್ತಿ ಫೈಲುಗಳ ಮೇಲೆ, ಮಸಿಯ ಮೇಲೆ, ಕನ್ನಡಕದವನ ತೆರೆದ ಬಾಯಿಯ ಮೇಲೆ ಇಳಿಯಿತು.

"ಇದನ್ನ ಹೊಲಿದದ್ದು ನಾನು," ಎಂದ ದಿಂಬಣ್ಣ.

ಅಧಿಕಾರಿ ಕೆಮ್ಮುತ್ತಾ ತಮ್ಮ ಬೆನ್ನ ಹಿಂದಿನ ದಿಂಬನ್ನು ಎಳೆದರು. "ಇದೂ ನಿಮ್ಮ ಅಂಗಡೀದೇ. ಒಂಬತ್ತು ವರ್ಷ ಆಯ್ತು. ಇದನ್ನ ಹೊಲಿದದ್ದು?"

ದಿಂಬಣ್ಣ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

"ಇದರ ಬಾಯಿ ಎಲ್ಲಿದೆ ಹೇಳಿ ನೋಡೋಣ ಸಾರ್."

ಅಧಿಕಾರಿ ಹುಡುಕಿದರು. ಇನ್ಸ್‌ಪೆಕ್ಟರಮ್ಮ ಹುಡುಕಿದಳು. ಕನ್ನಡಕದವನು ಎರಡು ಕನ್ನಡಕ ಬದಲಿಸಿ ಹುಡುಕಿದ. ದಿಂಬಣ್ಣ ಹೆಬ್ಬೆರಳನ್ನು ಅಂಚಿನ ಮೇಲೆ ಮೆಲ್ಲಗೆ ಸವರಿಕೊಂಡು ಹೋಗಿ ಒಂದು ಕಡೆ ನಿಲ್ಲಿ‌ಸಿದ.

"ಇಲ್ಲಿದೆ. ಅಂಚನ್ನ ಎರಡು ಸಲ ಒಳಗೆ ಮಡಚ್ತಾಳೆ. ಒಂದು ಸಲ ಮಡಚಿದ್ರೂ ಸಾಕು, ಗಿರಾಕಿಗೆ ಗೊತ್ತಾಗಲ್ಲ. ಇವಳು ಎರಡು ಸಲ. ಗಂಟು ಹೊರಗೆ ಬಿಟ್ರೆ ಕೆನ್ನೆಗೆ ಒತ್ತುತ್ತೆ ಅಂತ ಗಂಟನ್ನ ಹತ್ತಿ ಒಳಗೆ ಕಳಿಸ್ತಾಳೆ. ಕೊನೇ ಹೊಲಿಗೆ ಆದ ಮೇಲೆ ದಾರಾನ ಹಲ್ಲಲ್ಲಿ ಕಡೀತಾಳೆ, ಎಡಗಡೆ ಹಲ್ಲಲ್ಲಿ. ಕತ್ತರಿ ಪಕ್ಕದಲ್ಲೇ ಇರುತ್ತೆ. ಆದ್ರೂ ಹಲ್ಲಲ್ಲೇ. ಆಮೇಲೆ ದಿಂಬನ್ನ ಒಂದು ಸಲ ತನ್ನ ಕೆನ್ನೆಗೆ ಒತ್ತಿ ನೋಡ್ತಾಳೆ. ಊರಲ್ಲಿ ಯಾರ್ಯಾರ ಮನೇಲಿ ನಮ್ಮ ದಿಂಬಿದೆಯೋ, ಎಲ್ಲದಕ್ಕೂ ಮೊದಲು ಕೆನ್ನೆ ಇಟ್ಟವಳು ಅವಳು ಸಾರ್."

ಅಧಿಕಾರಿ ಆ ಅಂಚಿನ ಮೇಲೆ ತಮ್ಮ ಹೆಬ್ಬೆರಳನ್ನೂ ಒಮ್ಮೆ ಸವರಿ ನೋಡಿದರು.

"ಇದನ್ನೆಲ್ಲ ಅವರಿಗೆ ಹೇಳಿದೀರಾ?" ಎಂದರು ಅಧಿಕಾರಿ.

"ಇಲ್ಲ."

"ಯಾಕೆ?"

"ಯಾರೂ ಕೇಳಲಿಲ್ಲ ಸಾರ್."

"ನಾವು ಕೇಳಿದ್ದಕ್ಕೆ ನೀವು ಅಪೀಲು ಹಾಕಿದೀರಿ!"

ದಿಂಬಣ್ಣ ಕುರ್ಚಿಯ ತುದಿಗೆ ಸರಿದ. "ಸಾರ್, ಒಂದು ಉಪಕಾರ ಮಾಡಿ. ಆದೇಶದಲ್ಲಿ ಇನ್ನೊಂದು ಸಾಲು ಸೇರಿಸಿ. 'ಹೊಲಿದವರು ಹೆಂಡತಿ, ಅವಳಿಲ್ಲದೆ ಅಂಗಡಿಯವನಿಗೆ ತುಂಬಾ ಕಷ್ಟವಾಗಿದೆ' ಅಂತ. ಗೇಣುದ್ದ ಅಂದ್ರೂ ಸರಿ. ಸರ್ಕಾರದ ಆದೇಶ ಅಂದ್ಮೇಲೆ ಬರೆಸ್ಲೇಬೇಕಲ್ಲ, ಬರೆಸಿಬಿಡ್ತೀನಿ."

"ಅದು ಆಗಲ್ಲ ರೀ. ಹೊಲಿದವರು ಯಾರು ಅನ್ನೋದು ಸಂಗತಿ, ಅದನ್ನ ಹೇಳಿಸಬಹುದು. ಅವರಿಲ್ಲದೆ ಕಷ್ಟ ಅನ್ನೋದು ನಿಮ್ಮ ಮನಸ್ಸಿನ ಮಾತು. ಅದನ್ನ ಹೇಳಿಸೋ ಅಧಿಕಾರ ನನಗಿಲ್ಲ. ಮಂತ್ರಿಗಳಿಗೂ ಇಲ್ಲ."

"ನಾನೇ ಹೇಳಿಸ್ಕೋತೀನಿ ಅಂತಿದೀನಲ್ಲ!"

"ಹೇಳಿಸ್ಕೊಂಡ್ರೆ ಅದು ನಿಮ್ಮ ಮಾತಾಗಲ್ಲ," ಎಂದು ಅಧಿಕಾರಿ ಸಹಿ ಹಾಕಿ, ಮುದ್ರೆ ಒತ್ತಿ, ದಿಂಬನ್ನು ವಾಪಸು ಇಸಿದುಕೊಂಡು ಬೆನ್ನಿಗೆ ಇಟ್ಟುಕೊಂಡರು.

ಗೇಣುದ್ದದ ಬರಹವೆಲ್ಲ ಅಳಿಸಿ ಒಂದು ಸಣ್ಣ ಹಲಗೆ ಬಂತು. ಒಳಗೆ: ಹೊಸ ಹತ್ತಿ. ತುಂಬಿದವರು: ಗಂಡ. ಹೊಲಿದವರು: ಹೆಂಡತಿ. ನಿದ್ದೆ ಬರುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ಕನ್ನಡಕದವನು ಅದರ ಫೋಟೋ ತೆಗೆದು ಅಕ್ಕನ ಫೋನಿಗೆ ಕಳಿಸಿದ. ಹತ್ತೇ ನಿಮಿಷಕ್ಕೆ ದಿಂಬಣ್ಣನ ಫೋನು ಬಡಿದುಕೊಂಡಿತು. ನಾಲ್ಕು ತಿಂಗಳ ಮೇಲೆ ಮೊದಲ ಸಲ ಹೆಂಡತಿ ಸ್ನಾನ ಮುಗಿಸಿದ್ದಳು.

"ನೋಡಿದೆ," ಎಂದಳು.

"ಹೇಗಿದೆ?"

"ಕೆಳಗೆ ಆದೇಶದ ಸಂಖ್ಯೆ, ತಾರೀಖು ಎಲ್ಲ ಹಾಕಿಸಿದೀರಲ್ಲ."

"ಹಾಕಿಸ್ಬೇಕು ಅಂತ ನಿಯಮ."

"ಗೊತ್ತಾಯ್ತು. ಆದೇಶದ ಪ್ರಕಾರ ನಾನು ಹೊಲಿದೆ. ಇಲ್ದಿದ್ರೆ ಹೊಲಿದಿರಲಿಲ್ಲ," ಎಂದು ಇಟ್ಟುಬಿಟ್ಟಳು.

"ಏನಂದ್ರು?" ಎಂದು ಕನ್ನಡಕದವನು ಬಾಗಿಲಲ್ಲೇ ನಿಂತು ಕೇಳಿದ. "ಬೇಕಾದ್ರೆ ಮೇಲ್ಮನವಿ ಹಾಕೋಣ. ಇನ್ನೂ ದೊಡ್ಡ ಕಚೇರಿ ಇದೆ."

ದಿಂಬಣ್ಣ ಏಣಿ ತಂದು "ನನ್ನ ಕೈಯ ದಿಂಬು" ಎಂಬ ಬೋರ್ಡನ್ನು ಕೆಳಗಿಳಿಸಿ, ಗೋಡೆಗೆ ಮುಖಮಾಡಿ ಇಟ್ಟ. ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿದ.

ಮೂರು ಗಂಟೆಯ ದಾರಿ. ಹೇಳಬೇಕಾದದ್ದನ್ನು ಅವನು ಬಸ್ಸಿನಲ್ಲಿ ಬಾಯಿಪಾಠ ಮಾಡಿದ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸ್ವಲ್ಪ ಹೊತ್ತು ಕೇಳಿಸಿಕೊಂಡು ಎದ್ದು ಡ್ರೈವರಿನ ಹಿಂದಿನ ಸೀಟಿಗೆ ಹೋದಳು. ಇಳಿಯುವಷ್ಟರಲ್ಲಿ ಬಾಯಿಪಾಠವೆಲ್ಲ ಮರೆತುಹೋಗಿತ್ತು.

ಹೆಂಡತಿ ಅಕ್ಕನ ಮನೆಯ ಜಗುಲಿಯಲ್ಲಿ ಕೂತು ಯಾರದೋ ಅಂಗಿಗೆ ಗುಂಡಿ ಹಾಕುತ್ತಿದ್ದಳು. ತಲೆಯೆತ್ತಿ ನೋಡಿದಳು.

"ಯಾರು ಕಳಿಸಿದ್ರು?"

"ಯಾರೂ ಇಲ್ಲ."

"ಕನ್ನಡಕದವರು ಹೇಳ್ಕೊಟ್ರಾ?"

"ಅವರಿಗೆ ಗೊತ್ತೂ ಇಲ್ಲ. ಮೇಲ್ಮನವಿ ಅಂತಿದ್ರು, ಬಿಟ್ಟು ಬಂದೆ."

ಅವಳು ಮತ್ತೆ ಗುಂಡಿಯ ಕಡೆ ನೋಡಿದಳು. ದಿಂಬಣ್ಣ ಮೆಟ್ಟಿಲ ಕೆಳಗೇ ನಿಂತಿದ್ದ. ಒಳಗಿನಿಂದ ಅಕ್ಕ, "ಮಾತಾಡ್ರೀ, ನನಗೂ ಕೇಳಿಸಲಿ!" ಎಂದು ಕೂಗಿದರು.

"ಮನೇಲಿ ನಿನ್ನ ದಿಂಬಿದೆಯಲ್ಲ," ಎಂದ ಕೊನೆಗೆ. "ಅದರ ಮೇಲೆ ನಿನ್ನ ತಲೆಯ ತಗ್ಗು ಹಾಗೇ ಇದೆ. ಹೋದ ದಿನ ಹೇಗಿತ್ತೋ ಹಾಗೇ. ದಿಂಬಿನ ತಗ್ಗು ಕಂಡ್ರೆ ತಟ್ಟಿ ಸರಿಮಾಡೋದು ನನ್ನ ಕಸುಬು, ಕೈ ಸುಮ್ಮನಿರಲ್ಲ. ನಾಲ್ಕು ತಿಂಗಳು ಸುಮ್ಮನಿಟ್ಟಿದೀನಿ. ಪಕ್ಕದಲ್ಲಿ ಮಲಗ್ತೀನಿ, ಅದನ್ನೇ ನೋಡ್ತೀನಿ. ನಿದ್ದೆ ಬರಲ್ಲ. ಅಷ್ಟೆ. ಇನ್ನೇನೋ ಇತ್ತು, ಬಸ್ಸಲ್ಲಿ ಮರೆತುಹೋಯ್ತು."

ಹೆಂಡತಿಯ ಕೈಯಲ್ಲಿ ಸೂಜಿ ನಿಂತಿತ್ತು.

"ನಾಲ್ಕು ತಿಂಗಳು ತಟ್ಟದೆ ಇಟ್ರೆ ಹತ್ತಿ ಗಟ್ಟಿಯಾಗುತ್ತೆ, ಗೊತ್ತಿಲ್ವಾ?" ಎಂದಳು.

"ಗೊತ್ತು."

"ಮತ್ತೆ?"

"ಆದ್ರೆ ಆಗಲಿ."

ಅವಳು ಗುಂಡಿಯ ದಾರವನ್ನು ಹಲ್ಲಲ್ಲಿ ಕಡಿದಳು. ಎದ್ದು ಒಳಗೆ ಹೋಗಿ ಒಂದು ಲೋಟ ನೀರು ತಂದು ಕೊಟ್ಟಳು. ಅವನು ಕುಡಿಯುವ ತನಕ ನಿಂತಿದ್ದು, "ಅಕ್ಕನ ಕಾಲಿನ ಪಟ್ಟಿ ಬಿಚ್ಚೋಕೆ ಇನ್ನೂ ಹನ್ನೊಂದು ದಿನ ಇದೆ. ಬಿಟ್ಟು ಬರೋಕಾಗಲ್ಲ," ಎಂದಳು. "ಆಮೇಲೆ ಬರ್ತೀನಿ. ಅಲ್ಲೀ ತನಕ ನೀವು ಬಾಯಿ ಹೊಲೀಬೇಡಿ. ತುಂಬಿ ಇಡಿ ಸಾಕು."

ದಿಂಬಣ್ಣ ಸಂಜೆಯ ಬಸ್ಸಿಗೆ ವಾಪಸಾದ. ಈ ವ್ಯವಹಾರದಲ್ಲಿ ಅವನು ಕಳೆದುಕೊಂಡದ್ದು ಒಂದು ಬೋರ್ಡು, ಅರ್ಧ ವ್ಯಾಪಾರ ಮತ್ತು ನಾಲ್ಕು ತಿಂಗಳ ನಿದ್ದೆ. ಹೆಂಡತಿ ಇನ್ನೂ ಮನೆಗೆ ಬಂದಿರಲಿಲ್ಲ. ಬರುತ್ತೇನೆ ಎಂದಿದ್ದಳು, ಯಾರೂ ಹೇಳಿಸದೆ.